ಮೆದುಳಿನ ಕಾಯಿಲೆಗೆ ಎದೆಯ ಸ್ಕ್ಯಾನ್: ನ್ಯೂರೋಸಾರ್ಕಾಯ್ಡೋಸಿಸ್ ಚಿಕಿತ್ಸೆಯಲ್ಲಿ ನನ್ನ ಅನುಭವ

ಮುಖ ಸೊಟ್ಟಗಾಯಿತು ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರದ್ದು ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರ ದಿಢೀರನೆ ಸೋಲುವುದು. ವಾಸಿಯಾಗುತ್ತದೆ, ಮರೆತೂ ಹೋಗುತ್ತದೆ. ಆದರೆ ಒಂದು ಕಡೆ ಸರಿಹೋಗುವಷ್ಟರಲ್ಲಿ ಇನ್ನೊಂದು ಕಡೆಯೂ ಬಿದ್ದರೆ ನಾನು ಸುಮ್ಮನೆ ಕೂರುವುದಿಲ್ಲ. ಶ್ವಾಸಕೋಶ, ಕಣ್ಣು, ಚರ್ಮ ಹೀಗೆ ಎಲ್ಲೆಲ್ಲೂ ಉರಿಯೂತ ತರುವ ಸಾರ್ಕಾಯ್ಡೋಸಿಸ್ ಕಾಯಿಲೆ ನರಮಂಡಲಕ್ಕೂ ಬಂದಿರಬಹುದು; ಅದೇ ನ್ಯೂರೋಸಾರ್ಕಾಯ್ಡೋಸಿಸ್. ಅಂಥ ಸಂದರ್ಭದಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಕಣ್ಣು ಕೆಂಪಾಗಿ ನೋವು ಬಂದಿತ್ತಾ? ಒಣ ಕೆಮ್ಮು ಇದೆಯಾ? ಬಾಯಾರಿಕೆ ಹೇಗಿದೆ?

ಮಧ್ಯವಯಸ್ಸಿನ ಒಬ್ಬರಿಗೆ ಈ ಕೊನೆಯ ಪ್ರಶ್ನೆ ಕೇಳಿದಾಗ, "ಡಾಕ್ಟ್ರೇ, ರಾತ್ರಿಯೆಲ್ಲಾ ನೀರು ಕುಡಿಯೋದು, ಬಾತ್‌ರೂಮಿಗೆ ಓಡೋದು. ಶುಗರ್ ಮಾತ್ರ ನಾರ್ಮಲ್" ಅಂದರು. ರಕ್ತದಲ್ಲಿ ಸೋಡಿಯಂ ಜಾಸ್ತಿ ಇತ್ತು, ಮೂತ್ರ ನೀರಿನಷ್ಟೇ ತೆಳು. ಮೂತ್ರವನ್ನು ಹಿಡಿತದಲ್ಲಿಡುವ ವ್ಯಾಸೊಪ್ರೆಸಿನ್ ಹಾರ್ಮೋನ್ ಸಾಲುತ್ತಿರಲಿಲ್ಲ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಹಾಕುವ ದ್ರವ) ಕೊಟ್ಟು ಎಂಆರ್‌ಐ ಮಾಡಿಸಿದೆವು. ಮೆದುಳಿನ ತಳದ ಪೊರೆಗಳು ಬೆಳ್ಳಗೆ ಹೊಳೆಯುತ್ತಿದ್ದವು, ಆ ಹಾರ್ಮೋನನ್ನು ಬಿಡುಗಡೆ ಮಾಡುವ ಪಿಟ್ಯುಟರಿ ಗ್ರಂಥಿಯ ತೊಟ್ಟು ದಪ್ಪಗಾಗಿತ್ತು. ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್‌ನಲ್ಲಿ ಈ ಪೊರೆಯ ಉರಿಯೂತ ಕಣ್ಣಿಗೆ ಬೀಳದೇ ಹೋಗಬಹುದು.

ತಲೆನೋವು ಶುರುವಾಗುವುದೇ ಇಲ್ಲಿ, ನಮಗೆ. ಟಿಬಿ, ಫಂಗಸ್, ಲಿಂಫೋಮಾ (ಲಿಂಫ್ ಕೋಶಗಳ ಕ್ಯಾನ್ಸರ್), ಸಾರ್ಕಾಯ್ಡೋಸಿಸ್ ಎಲ್ಲವೂ ಹೀಗೆಯೇ ಕಾಣಬಹುದು. ಬೆನ್ನುಹುರಿಯ ನೀರು ತೆಗೆದರೆ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಜಾಸ್ತಿ, ಪ್ರೋಟೀನ್ ಜಾಸ್ತಿ, ಗ್ಲೂಕೋಸ್ ಸ್ವಲ್ಪ ಕಡಿಮೆ. ಟಿಬಿಯಲ್ಲೂ ಇದೇ ತಾನೆ? ಸಾರ್ಕಾಯ್ಡೋಸಿಸ್ ಸುಳಿವಿಗೆ ಮಾಡುವ ಎಸಿಇ ಎಂಬ ಕಿಣ್ವದ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕಾಯಿಲೆ ಇದ್ದರೂ ಅದು ನಾರ್ಮಲ್ ಬರುವುದು ಮಾಮೂಲು.

ಹಾಗಾಗಿ ಮೆದುಳು ಬಿಟ್ಟು ಎದೆಗೆ ಹೋಗುತ್ತೇನೆ. ಇವರ ಸಿಟಿಯಲ್ಲಿ ಶ್ವಾಸಕೋಶದ ಎರಡೂ ಬದಿ ಲಿಂಫ್ ಗಂಟುಗಳು ಊದಿದ್ದವು. ಸಿಟಿಯಲ್ಲಿ ಏನೂ ಸಿಗದಿದ್ದರೆ ಪಿಇಟಿ ಸ್ಕ್ಯಾನ್, ಚರ್ಮದ ಕಲೆ, ಕಣ್ಣಿನ ತಪಾಸಣೆ, ಹೀಗೆ ಸೂಜಿ ಹಾಕಬಹುದಾದ ಜಾಗ ಹುಡುಕುತ್ತೇವೆ. ಇವರಿಗೆ ಶ್ವಾಸನಾಳದೊಳಗಿಂದ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ ತುಣುಕು ತೆಗೆದರು. ಗ್ರ್ಯಾನುಲೋಮಾ (ಉರಿಯೂತದ ಕೋಶಗಳು ಕೂಡಿದ ಸಣ್ಣ ಗಂಟು) ಇತ್ತು, ಟಿಬಿಯಲ್ಲಿ ಕಾಣುವ ಕೊಳೆತ ನಡುಭಾಗ ಇರಲಿಲ್ಲ. 2018ರ ತಜ್ಞರ ಮಾನದಂಡದ ಪ್ರಕಾರ ನರಮಂಡಲದ ತುಣುಕಿನಲ್ಲೇ ಸಿಕ್ಕರೆ 'ಖಚಿತ', ದೇಹದ ಬೇರೆ ಕಡೆ ಸಿಕ್ಕರೆ 'ಬಹುಪಾಲು ಖಚಿತ'. ಎರಡನೆಯದು ಸಿಕ್ಕಿ, ಉಳಿದ ಚಿತ್ರವೂ ಹೊಂದಿದರೆ ನನಗೆ ಸಾಕು. ತಲೆಬುರುಡೆ ತೆರೆಸಲು ನಾನು ಆತುರಪಡುವುದಿಲ್ಲ.

ತುಣುಕು ತೆಗೆಯುವವರೆಗೆ ಸ್ಟೀರಾಯ್ಡ್ ಬೇಡ ಅಂತ ನಾನು ಹಟ ಹಿಡಿಯುತ್ತೇನೆ. ಲಿಂಫೋಮಾ ಆಗಿದ್ದರೆ ಸ್ಟೀರಾಯ್ಡ್‌ಗೆ ಕರಗಿ, ಬಯಾಪ್ಸಿಯಲ್ಲಿ ಕೈಗೆ ಸಿಗದೇ ಹೋಗಬಹುದು. ದೃಷ್ಟಿ ಹೋಗುತ್ತಿದ್ದರೆ, ಕಾಲು ಬಲ ಕಳೆದುಕೊಳ್ಳುತ್ತಿದ್ದರೆ ಮಾತು ಬೇರೆ. ಆಗ ಕಾಯುವಂತಿಲ್ಲ.

ಇವರಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 1 ಗ್ರಾಂ, 5 ದಿನ ರಕ್ತನಾಳಕ್ಕೆ ಕೊಟ್ಟೆವು. ಆಮೇಲೆ ಕಿಲೋ ತೂಕಕ್ಕೆ 1 ಮಿಲಿಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಮಾತ್ರೆ. ಅದನ್ನು ತಿಂಗಳುಗಟ್ಟಲೆ ಇಳಿಸಬೇಕು. ಬೇಗ ಇಳಿಸಿದರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ. ಜೊತೆಗೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರು ಮಾಡಿದೆವು. ವಾರಕ್ಕೆ ಒಂದೇ ದಿನ. ಚೀಟಿಯಲ್ಲಿ ವಾರದ ಹೆಸರನ್ನೇ ದೊಡ್ಡದಾಗಿ ಬರೆಯುತ್ತೇನೆ, ಯಾಕೆಂದರೆ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಇನ್ನೊಂದು ಮಾತು: ಸ್ಟೀರಾಯ್ಡ್ ಅಂದ ಕೂಡಲೇ ಕ್ಯಾಲ್ಸಿಯಂ, ವಿಟಮಿನ್ ಡಿ ಬರೆಯುವ ಅಭ್ಯಾಸ ನಮಗಿದೆ. ಇಲ್ಲಿ ಗ್ರ್ಯಾನುಲೋಮಾಗಳೇ ವಿಟಮಿನ್ ಡಿಯ ಸಕ್ರಿಯ ರೂಪವನ್ನು ತಯಾರಿಸುತ್ತವೆ, ಅದರಿಂದ ಕ್ಯಾಲ್ಸಿಯಂ ವಿಪರೀತ ಏರಬಹುದು. ರಕ್ತದ ಕ್ಯಾಲ್ಸಿಯಂ ನೋಡದೆ ನಾನು ಬರೆಯುವುದಿಲ್ಲ.

ಮುಖ ಸರಿಹೋಯಿತು, ಪೊರೆಯ ಹೊಳಪೂ ಇಳಿಯಿತು. ಪಿಟ್ಯುಟರಿ ಮಾತ್ರ ಚೇತರಿಸಿಕೊಳ್ಳಲಿಲ್ಲ, ಅದು ಚೇತರಿಸುವುದೇ ಅಪರೂಪ. ವ್ಯಾಸೊಪ್ರೆಸಿನ್‌ಗೆ ಬದಲಿಯಾಗಿ ಕೊಡುವ ಡೆಸ್ಮೊಪ್ರೆಸಿನ್ ಮುಂದುವರಿದಿದೆ. ಪ್ರೆಡ್ನಿಸೊಲೋನ್ ಇಳಿಸುವಾಗ ಅವರಿಗೆ ತಲೆನೋವು ಕಾಣಿಸಿಕೊಂಡಿದ್ದರಿಂದ, ಅಡಗಿರುವ ಸೋಂಕನ್ನು ಕೆರಳಿಸಬಹುದೆಂದು ಮೊದಲು ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ, ಉರಿಯೂತ ತಡೆಯುವ ಇನ್ನೊಂದು ಔಷಧವಾದ ಇನ್‌ಫ್ಲಿಕ್ಸಿಮ್ಯಾಬ್‌ಗೆ ಹೋದೆವು. ಕಿಲೋಗೆ 5 ಮಿಲಿಗ್ರಾಂ. ಮೊದಲ ಡೋಸ್ ಆದ ಮೇಲೆ 2ನೇ ವಾರ, 6ನೇ ವಾರ, ನಂತರ ನಿಗದಿತ ಅಂತರದಲ್ಲಿ. ಇದನ್ನು ನಿಲ್ಲಿಸಿದಾಗಲೂ ಕಾಯಿಲೆ ಮರುಕಳಿಸುವುದು ಉಂಟು. ಹಾಗಾಗಿ ಈಗ ಎಂಆರ್‌ಐ ನೋಡಿಕೊಂಡು ಡೋಸ್‌ಗಳ ನಡುವಿನ ಅಂತರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಿದ್ದೇವೆ.