ಒಂದೇ ಹೆಡರ್‌ಗೆ ಐದು ಫ್ಯಾನ್ ಕಟ್ಟಬೇಡಿ

ರಾಯಚೂರಿನ ಬೇಸಿಗೆ ಕಂಡವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವ ನನ್ನ ಕಂಪ್ಯೂಟರ್ ಏಪ್ರಿಲ್ ಬಂತೆಂದರೆ ಕಾದ ಹೆಂಚಿನ ಹಾಗಾಗುತ್ತದೆ. ಅದಕ್ಕೇ ಕ್ಯಾಬಿನೆಟ್‌ಗೆ ಐದು ಫ್ಯಾನ್ ತಂದೆ. ಮದರ್‌ಬೋರ್ಡಿನಲ್ಲಿ ಕ್ಯಾಬಿನೆಟ್ ಫ್ಯಾನಿಗೆ ಖಾಲಿ ಇದ್ದದ್ದು ಒಂದೇ ಹೆಡರ್, ಅಂದರೆ ಫ್ಯಾನಿನ ವಯರ್ ಸಿಕ್ಕಿಸುವ ಪಿನ್ನುಗಳ ಜಾಗ. ಸ್ಪ್ಲಿಟರ್ ಎಂಬ ಕವಲು ವಯರ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ ಐದನ್ನೂ ಅಲ್ಲಿಗೇ ಕೊಟ್ಟೆ. ಎರಡು ವಾರ ಚೆನ್ನಾಗಿ ತಿರುಗಿದವು. ಆಮೇಲೊಂದು ಮಧ್ಯಾಹ್ನ ಐದೂ ಒಟ್ಟಿಗೆ ನಿಂತವು. ಫ್ಯಾನ್‌ಗಳಿಗೆ ಏನೂ ಆಗಿರಲಿಲ್ಲ, ಸತ್ತಿದ್ದು ಹೆಡರ್.

ಆಗ ಸ್ಟಿಕರ್ ಓದಿದೆ. ನೀವು ಮೊದಲೇ ಓದಿ. ಫ್ಯಾನಿನ ನಡುವೆ ಸಣ್ಣ ಅಕ್ಷರದಲ್ಲಿರುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ನನ್ನವು 12 ವೋಲ್ಟ್, 0.30 ಆಂಪಿಯರ್. ಐದಕ್ಕೆ 1.5 ಆಂಪಿಯರ್ ಆಯಿತು. ಸಾಮಾನ್ಯವಾಗಿ ಒಂದು ಹೆಡರ್ ತಡೆಯುವುದು 1 ಆಂಪಿಯರ್, ಅಂದರೆ 12 ವ್ಯಾಟ್. ನಿಮ್ಮ ಬೋರ್ಡಿನ ಮಿತಿ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಫ್ಯಾನ್ ಶುರುವಾಗುವ ಕ್ಷಣದಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ. ಹಾಗಾಗಿ ನಾನು 0.7 ದಾಟಿಸುವುದಿಲ್ಲ. 0.15ರ ಫ್ಯಾನ್ ಆದರೆ ನಾಲ್ಕು ಧಾರಾಳವಾಗಿ ನಡೆಯುತ್ತವೆ.

ಅದಕ್ಕಿಂತ ಹೆಚ್ಚು ಬೇಕಿದ್ದರೆ ಸಾಟಾ ಪವರ್ (ಹಾರ್ಡ್ ಡಿಸ್ಕ್‌ಗೆ ಕರೆಂಟ್ ಕೊಡುವಂಥ ಚಪ್ಪಟೆ ಕನೆಕ್ಟರ್) ಇರುವ ಫ್ಯಾನ್ ಹಬ್ ತನ್ನಿ, ಹಲವು ಫ್ಯಾನ್ ಒಟ್ಟಿಗೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ ಅದು. ಇದರಲ್ಲಿ ಕರೆಂಟ್ ನೇರ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಬರುತ್ತದೆ, ಬೋರ್ಡಿನಿಂದ ವೇಗದ ಸಿಗ್ನಲ್ ಮಾತ್ರ. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ 4.5 ಆಂಪಿಯರ್‌ವರೆಗೆ ಕೊಡಬಲ್ಲದು, ಐದಾರು ಫ್ಯಾನಿಗೆ ಅದು ಭಾರವೇ ಅಲ್ಲ. ಆದರೆ ಅದೇ ಕನೆಕ್ಟರ್‌ಗೆ ಇನ್ನೊಂದು ಕವಲು ಹಾಕಿ ಬೇರೆ ಹಬ್ ಜೋಡಿಸಬೇಡಿ. ಹಬ್‌ನಲ್ಲಿ ಒಂದೇ ಪೋರ್ಟ್ ಬೋರ್ಡಿಗೆ ವೇಗ ತಿಳಿಸುತ್ತದೆ, ಅದನ್ನು ಖಾಲಿ ಬಿಡಬೇಡಿ. ನಾಲ್ಕು ಪಿನ್ನಿನ ಫ್ಯಾನ್‌ಗಳನ್ನೇ ಕೊಳ್ಳಿ. ಮೂರು ಪಿನ್ನಿನವು ಇಂಥ ಹಬ್‌ನಲ್ಲಿ ಸಾಮಾನ್ಯವಾಗಿ ಸದಾ ಫುಲ್ ಸ್ಪೀಡಿನಲ್ಲೇ ಓಡುತ್ತವೆ, ರಾತ್ರಿ ಕೂತು ಎಡಿಟ್ ಮಾಡುವಾಗ ಆ ಸದ್ದು ತಲೆ ತಿನ್ನುತ್ತದೆ. ಪ್ರೊಸೆಸರ್ ಫ್ಯಾನನ್ನು ಮಾತ್ರ ಹಬ್‌ಗೆ ಕೊಡಬೇಡಿ. ಅದು ತನ್ನದೇ ಹೆಡರ್‌ನಲ್ಲಿ ಇರಲಿ. ಅದು ನಿಂತುಹೋದರೆ ಬೋರ್ಡಿಗೆ ತಿಳಿಯಬೇಕು, ಅಲ್ವಾ?

ಲೈಟ್ ಇರುವ ಫ್ಯಾನಿಗೆ ಸಾಮಾನ್ಯವಾಗಿ ಎರಡು ವಯರ್ ಇರುತ್ತವೆ. ಲೈಟಿನದು 5 ವೋಲ್ಟ್ ಆಗಿದ್ದರೆ 12 ವೋಲ್ಟಿನ ಲೈಟ್ ಹೆಡರ್‌ಗೆ ಸಿಕ್ಕಿಸಬೇಡಿ. ಲೈಟು ಸುಟ್ಟೇ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ಹಳೆಯ ಎಸ್‌ಎಂಪಿಎಸ್‌ನ ಬಿಚ್ಚಿ ತೆಗೆಯುವ ಕೇಬಲ್ಲನ್ನು ಹೊಸದಕ್ಕೆ ಹಾಕಬೇಡಿ. ತೂತು ಸರಿಯಾಗಿ ಹೊಂದಬಹುದು, ಒಳಗಿನ ವಯರ್‌ಗಳ ಕ್ರಮ ಬೇರೆಯೇ ಇರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಹಾರ್ಡ್ ಡಿಸ್ಕ್ ಗತಿ ಮುಗಿಯಿತು, ಅದರೊಳಗಿನ ಯಾರದೋ ಮದುವೆಯೂ ಹೋಯಿತು.

ಕೆಲಸ ಶುರು ಮಾಡುವ ಮೊದಲು ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ. ಜೋಡಿಸಿದ ಮೇಲೆ ವಯರ್‌ಗಳು ರೆಕ್ಕೆಗೆ ತಾಗದಂತೆ ಟ್ಯಾಗ್ ಕಟ್ಟಿ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಸಾಟಾ ಕನೆಕ್ಟರನ್ನು ಬೆರಳಲ್ಲಿ ಮುಟ್ಟಿ ನೋಡಿ. ಸುಡುತ್ತಿದ್ದರೆ ಅಥವಾ ಪ್ಲಾಸ್ಟಿಕ್ ವಾಸನೆ ಬಂದರೆ ಆ ಹಬ್ ವಾಪಸ್ ಕೊಟ್ಟು ಬನ್ನಿ.