ಬುಡಾಪೆಸ್ಟ್‌ನಲ್ಲಿ ನಾನು ಹಗಲು ಮಲಗಿದೆ, ಸಂಜೆ ಹೊರಟೆ

ಮೊದಲ ದಿನ ಎಲ್ಲರ ಹಾಗೆ ಬೆಳಿಗ್ಗೆಯೇ ಹೊರಟೆ. ಬುಡಾ ಗುಡ್ಡ ಹತ್ತಿ ಮಥಿಯಾಸ್ ಚರ್ಚ್ ನೋಡುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕಾಲು ಸೋತು, ಕತ್ತಲಾಗುವ ಮೊದಲೇ ಮಲಗಿಬಿಟ್ಟೆ. ಮಾರನೇ ದಿನ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ ಸಂಜೆ ಹೊರಟೆ. ಈ ಊರಿಗೆ ಅದೇ ಸರಿ.

2ನೇ ನಂಬರ್ ಟ್ರಾಮ್ ಹತ್ತಿ, ನದಿ ಕಡೆಯ ಕಿಟಕಿ ಹಿಡಿದು ಕೂತೆ. ಡ್ಯಾನ್ಯೂಬ್ ನದಿಯ ಒಂದು ದಡ ಬುಡಾ, ಇನ್ನೊಂದು ಪೆಸ್ಟ್. ಪೆಸ್ಟ್ ದಡದಲ್ಲಿ ನದಿ ಪಕ್ಕದಲ್ಲೇ ಓಡುವ ಟ್ರಾಮ್ ಇದು. ಕಾಗದದ ಟಿಕೆಟ್ ಆದರೆ ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮರೆಯಬೇಡಿ. ಎದುರು ದಡದಲ್ಲಿ ಅರಮನೆಗೆ ದೀಪ ಹತ್ತಿತು. 1849ರಲ್ಲಿ ತೆರೆದ ಚೈನ್ ಬ್ರಿಜ್‌ನ ಬುಡದಲ್ಲಿ ಹಾದು, ಅದೇ ದಡದ ಪಾರ್ಲಿಮೆಂಟ್ ಹತ್ತಿರ ಇಳಿದೆ.

ಅಲ್ಲಿಂದ ನದಿ ಅಂಚಿನಲ್ಲಿ ಸ್ವಲ್ಪ ಹಿಂದಕ್ಕೆ ನಡೆದರೆ ಕಬ್ಬಿಣದ 60 ಜೊತೆ ಬೂಟುಗಳಿವೆ. 1944-45ರ ಚಳಿಗಾಲದಲ್ಲಿ ಯಹೂದಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸಿದರು. ಮಕ್ಕಳ ಬೂಟುಗಳೂ ಇವೆ. ನಾನು ಫೋಟೋ ತೆಗೆಯಲಿಲ್ಲ.

ಪಾರ್ಲಿಮೆಂಟನ್ನು ನೋಡಬೇಕಾದ್ದು ಎದುರು ದಡದಿಂದ. ಮೆಟ್ರೋದಲ್ಲಿ ನದಿಯ ಅಡಿಯಿಂದ ಒಂದೇ ಸ್ಟಾಪ್, ಬತ್ಯಾನಿ ಚೌಕ. ಗುಮ್ಮಟದ ಎತ್ತರ 96 ಮೀಟರ್. ಹಂಗೇರಿಯನ್ನರು ಈ ನೆಲಕ್ಕೆ ಬಂದದ್ದು 896ರಲ್ಲಿ ಅನ್ನುವ ಲೆಕ್ಕಕ್ಕೆ ಹೊಂದುವ ಅಳತೆ ಅದು. ಇಡೀ ಕಟ್ಟಡ ಚಿನ್ನದ ಬಣ್ಣವಾಗಿ ನೀರಿನಲ್ಲಿ ಅಲುಗಾಡುತ್ತಿತ್ತು. ಒಂದು ಗಂಟೆ ಸುಮ್ನೆ ಕೂತಿದ್ದೆ.

ರಾತ್ರಿ ಹತ್ತರ ಮೇಲೆ ಕಜಿಂತ್ಸಿ ಬೀದಿ. ಹಳೆಯ ಯಹೂದಿ ಕೇರಿ. ಯುದ್ಧದ ಕೊನೆಯಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋ ಇದ್ದದ್ದು ಇದೇ ಬೀದಿಗಳಲ್ಲಿ. ಆಮೇಲೆ ದಶಕಗಳ ಕಾಲ ಎಷ್ಟೋ ಕಟ್ಟಡ ಪಾಳು ಬಿದ್ದಿದ್ದವು. 2000ದ ನಂತರ ಹುಡುಗರು ಅಂಥ ಅಂಗಳಗಳಲ್ಲಿ ಹರಕು ಕುರ್ಚಿ ಹಾಕಿ ಬಾರ್ ತೆರೆದರು. 'ರೂಯಿನ್ ಬಾರ್' ಅಂದರೆ ಇವೇ. ಹೆಸರಾದದ್ದು ಸಿಂಪ್ಲಾ ಕೆರ್ಟ್. ಒಳಗೆ ಸೋಫಾ ಆದ ಸ್ನಾನದ ತೊಟ್ಟಿ, ಕತ್ತರಿಸಿದ ಹಳೇ ಟ್ರಾಬಾಂಟ್ ಕಾರು. ನಾನು ಕುಡಿಯುವುದಿಲ್ಲ. ಲಿಮೊನೇಡ್ ಹಿಡಿದು ಎರಡು ಗಂಟೆ ಕೂತೆ, ಯಾರೂ ಏನೂ ಕೇಳಲಿಲ್ಲ. ಸಂಜೆ ಆ ಬೂಟುಗಳನ್ನು ನೋಡಿ ಬಂದಿದ್ದರಿಂದ ಅಲ್ಲಿನ ಗದ್ದಲ ನನಗೆ ತುಂಬಾ ಬೇಕೆನಿಸಿತು. ಹೊರಗೆ ಬಂದ ಮೇಲೆ ಮಾತ್ರ ಮೆಲ್ಲಗೆ ಮಾತಾಡಿ. ಮೇಲಿನ ಮನೆಗಳಲ್ಲಿ ಜನ ಮಲಗಿರುತ್ತಾರೆ.

ಕೊನೆಯ ದಿನ 1896ರ ಪುಟ್ಟ ಮೆಟ್ರೋದಲ್ಲಿ ಸೇಚೇನಿ ಬಿಸಿನೀರಿನ ಕೊಳಕ್ಕೆ ಹೋದೆ. ಎದೆಮಟ್ಟ ನೀರಿನಲ್ಲಿ ನಿಂತು ಅಜ್ಜಂದಿರು ಚೆಸ್ ಆಡುತ್ತಿದ್ದರು. ಇಂಡಿಯಾ ಅಂದೆ. 2024ರ ಚೆಸ್ ಒಲಿಂಪಿಯಾಡ್‌ನಲ್ಲಿ ನಮ್ಮ ಮುಕ್ತ, ಮಹಿಳಾ ವಿಭಾಗದ ಎರಡೂ ತಂಡ ಚಿನ್ನ ಗೆದ್ದದ್ದು ಇದೇ ಊರಲ್ಲಿ, ಅಲ್ವಾ? ಒಬ್ಬರು ಪಕ್ಕಕ್ಕೆ ಸರಿದು, ಬಿಳಿ ಕಾಯಿಗಳನ್ನು ನನ್ನ ಕಡೆ ತಿರುಗಿಸಿದರು.