ಡ್ರೈಯರ್ ಬೆಂಕಿ ಯಾವಾಗ ಇಳಿಸಬೇಕು: ನನ್ನ ತಕ್ಕಡಿ ಲೆಕ್ಕ

ಕುಲುಕಿ ನೋಡಿ, ಕಚ್ಚಿ ನೋಡಿ ಅಡಿಕೆ ಒಣಗಿತೋ ಇಲ್ಲವೋ ಹೇಳುವುದು ನಮ್ಮ ತೀರ್ಥಹಳ್ಳಿ ಕಡೆಯ ರೂಢಿ. ನಾನು ತಕ್ಕಡಿ ತಂದಾಗ "ಅಡಿಕೆ ಏನು ಹಾಲಾ, ಎರಡು ಹೊತ್ತು ಅಳೆಯೋಕೆ?" ಅಂತ ಅಪ್ಪಯ್ಯನೇ ನಕ್ಕಿದ್ದರು. ಈ ಸಲ ಶಿವಮೊಗ್ಗ ಮಂಡಿಯಲ್ಲಿ ನಮ್ಮ ರಾಶಿ ಇಡಿಗೆ (ಬೇಯಿಸಿ ಒಣಗಿಸಿದ ಇಡೀ ಅಡಿಕೆ) 'ಹಸಿ' ಅಂತ ಒಂದು ರೂಪಾಯಿ ಮುರಿಯಲಿಲ್ಲ. ಸೌದೆಯೂ ಕಾಲುಭಾಗ ಮಿಕ್ಕಿತು.

ಮಾಡುವುದಿಷ್ಟೇ. ಸಿಪ್ಪೆ ಸುಲಿದು ಬೇಯಿಸಿ, ಚೊಗರು (ಬೇಯಿಸಿದ ನೀರು) ಬಸಿದ ಅಡಿಕೆ 10 ಕೆ.ಜಿ. ತೂಗಿ ಒಂದೇ ಟ್ರೇಗೆ ಹಾಕಿ ಉಳಿದದ್ದರ ಜೊತೆ ಒಳಗಿಡುವುದು. ಆಮೇಲೆ ತೂಗಿದಾಗೆಲ್ಲ ಹಿಂದಿನ ತೂಕದಲ್ಲಿ ಈಗಿನದನ್ನು ಕಳೆದು, ನಡುವೆ ಆದ ಗಂಟೆಗಳಿಂದ ಭಾಗಿಸುವುದು. ಗಂಟೆಗೆ ಸರಾಸರಿ ಎಷ್ಟು ಗ್ರಾಂ ನೀರು ಹೋಯಿತು ಅಂತ ಸಿಗುತ್ತದೆ. ನಾನು ದರ ಅನ್ನುವುದು ಇದನ್ನೇ, ಮಂಡಿಯ ಬೆಲೆಯನ್ನಲ್ಲ.

ಮೊದಲ ವರ್ಷ ಕೈಕೊಟ್ಟಿತು. ಹಳೇ ಸ್ಪ್ರಿಂಗ್ ತಕ್ಕಡಿ ಐವತ್ತು ಗ್ರಾಂ ಆಚೀಚೆ ತೋರಿಸುತ್ತಿತ್ತು. ಗಂಟೆಗೊಮ್ಮೆ ತೂಗಿದರೆ ಆ ವ್ಯತ್ಯಾಸವೆಲ್ಲ ದರದ ಮೇಲೇ ಬಂದು ಕೂರುತ್ತದೆ: ಒಮ್ಮೆ 150, ಮರುಗಂಟೆಗೆ 40, ಆಮೇಲೆ 130. ನಾಲ್ಕು ಗಂಟೆಗೊಮ್ಮೆ ತೂಗಿದೆ, ಅದೇ ತಪ್ಪು ನಾಲ್ಕು ಪಾಲಾಗಿ ಹಂಚಿಹೋಯಿತು. ಡಿಜಿಟಲ್ ತಕ್ಕಡಿಗೆ ಎರಡೂವರೆ ಸಾವಿರದಷ್ಟು ಸುರಿದದ್ದು ಆಮೇಲೆ.

ಸಿಪ್ಪೆ ಸಮೇತ ಕ್ವಿಂಟಾಲ್ ಹಸಿ ಅಡಿಕೆಗೆ 12-13 ಕೆ.ಜಿ. ಒಣ ಅಡಿಕೆ ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಅದರಲ್ಲಿ ಹೊತ್ತಿನ ಮಾತೇ ಇಲ್ಲ. ಮೊದಲಿಂದ ಕೊನೆವರೆಗೆ ಒಂದೇ ಸರಾಸರಿ ತೆಗೆದರೂ ಅಷ್ಟೇ. ಟ್ರೇಯ 10 ಕೆ.ಜಿ. 50 ಗಂಟೆಯಲ್ಲಿ 4.2ಕ್ಕೆ ಬಂತು ಅನ್ನಿ, ಗಂಟೆಗೆ 116 ಗ್ರಾಂ. ಲೆಕ್ಕ ಸರಿ, ಕೆಲಸಕ್ಕೆ ಬಾರದು. ನನ್ನ ಡ್ರೈಯರಿನಲ್ಲಿ ಮೊದಲ ಎಂಟು ಗಂಟೆ 300ರ ಹತ್ತಿರ ಇರುತ್ತದೆ, ಕೊನೆಯ ಎಂಟರಲ್ಲಿ 20 ದಾಟಿದರೆ ಹೆಚ್ಚು. ಮೇಲಿನ ನೀರು ಬೇಗ ಹಾರುತ್ತದೆ, ಒಳಗಿನದು ಹೊರಗೆ ಬರಲು ಹೊತ್ತು ಬೇಕು. ನಮ್ಮ ಕಡೆ ಹೆಚ್ಚಿನವರು 'ಇನ್ನೂ ಒಣಗಲಿಲ್ಲ' ಅಂತ ಸೌದೆ ತುರುಕುವುದು ಸರಿಯಾಗಿ ಆಗಲೇ. ನಾನು ದರ ಬಿದ್ದದ್ದು ಕಂಡ ಕೂಡಲೇ ಬೆಂಕಿ ಇಳಿಸುತ್ತೇನೆ. ಯಾವ ಅಂಕಿಗೆ ಅಂತ ಕೇಳಬೇಡಿ. ಟ್ರೇ ಎಲ್ಲಿಡುತ್ತೇನೆ ಅಂತಲೂ!

ನಡುವೆ ಕಾಳುಮೆಣಸಿಗೂ ಇದನ್ನೇ ಹಚ್ಚಿದೆ. ಬಿಸಿಲಿನಲ್ಲಿ ಒಣಗಿಸಿ ಸಂಜೆ ತೂಗಿದೆ, ಬೇಕೆಂದೇ ರಾತ್ರಿ ಅಂಗಳದಲ್ಲಿ ಬಿಟ್ಟು ಬೆಳಿಗ್ಗೆ ತೂಗಿದೆ. ಮಂಜು ಬಿದ್ದ ರಾತ್ರಿ ತೂಕ ಏರಿತ್ತು, ದರ ತಿರುಗಿಬಿದ್ದಿತ್ತು. ಸಂಜೆಯಿಂದ ಸಂಜೆಗೆ ತೂಗುವವನಿಗೆ ಇದು ಕಾಣುವುದೇ ಇಲ್ಲ, ನಿಧಾನವಾಗಿ ಒಣಗುತ್ತಿದೆ ಅಂದುಕೊಳ್ಳುತ್ತಾನೆ. ಜಾಯಿಪತ್ರೆಗೆ ಮಾತ್ರ ಈ ತಕ್ಕಡಿ ಸಾಲದು, ಅದು ಅಷ್ಟು ಹಗುರ. ಅಕ್ಕಸಾಲಿಗರ ತಕ್ಕಡಿ ಒಂದು ಹಳೆಯದು ಸಿಗುತ್ತದೋ ನೋಡುತ್ತಿದ್ದೇನೆ.